ಸ್ನಾಯುವಿನ ಮೂಗುದಾರ: ಹಂದಿಯ ರಕ್ತದಲ್ಲಿ ಒಂದು ಪ್ರೋಟೀನನ್ನು ಅಳೆಯುವ ಬಗೆ

ಎತ್ತಿಗೆ ಮೂಗುದಾರ ಏಕೆ ಹಾಕುತ್ತಾರೆ ಎಂದು ಕೇಳಿದರೆ ಹಳ್ಳಿಯಲ್ಲಿ ಬೆಳೆದ ನೀವು ಕೂಡಲೇ ಉತ್ತರ ಕೊಡುತ್ತೀರಿ. ಅದು ಎತ್ತಿನ ಶಕ್ತಿಯನ್ನು ಕುಗ್ಗಿಸುವುದಕ್ಕಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುವುದಕ್ಕೆ. ಪ್ರಾಣಿಗಳ ದೇಹದಲ್ಲಿ, ನಮ್ಮ ದೇಹದಲ್ಲಿಯೂ, ಸ್ನಾಯುಗಳಿಗೆ ಇಂಥದೇ ಒಂದು ಮೂಗುದಾರವಿದೆ. ಅದು ಒಂದು ಪ್ರೋಟೀನು. ಅದರ ಹೆಸರು ಮಯೋಸ್ಟ್ಯಾಟಿನ್. ಸ್ನಾಯುವನ್ನು ತಡೆದು ನಿಲ್ಲಿಸುವಂಥದು ಎಂಬುದೇ ಆ ಹೆಸರಿನ ಅರ್ಥ.

ಈ ಪ್ರೋಟೀನು ಹಂದಿಯ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷಾ ಕಿಟ್‌ಗಳು ಇಂದು ಪ್ರಯೋಗಾಲಯಗಳಿಗೆ ದೊರೆಯುತ್ತವೆ. ಇಂದಿನ ಭಾಷಣ ಆ ಕಿಟ್ ಕುರಿತದ್ದು. ಹಂದಿಯ ರಕ್ತಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಪರೀಕ್ಷೆ ಆಗಿರಬಹುದು. ಯಾರಾದರೂ ರಕ್ತದಾನ ಮಾಡಿದ್ದರೆ ಆ ರಕ್ತವನ್ನು ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಸೋಂಕಿಗಾಗಿ ಪರೀಕ್ಷಿಸಿರುತ್ತಾರೆ. ಇವೆಲ್ಲ ಬಹುಮಟ್ಟಿಗೆ ಇದೇ ತತ್ವದ ಮೇಲೆ ನಿಂತ ಪರೀಕ್ಷೆಗಳು. ಕೊನೆಗೆ ಕೈಗೆ ಬರುವುದು ಒಂದು ಕಾಗದ, ಅದರ ಮೇಲೆ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಎಷ್ಟು ನಂಬಬೇಕು, ಹೇಗೆ ಓದಬೇಕು ಎಂಬುದನ್ನು ಕಲಿಯಲು ಹಂದಿಯ ಮಯೋಸ್ಟ್ಯಾಟಿನ್ ಬಹಳ ಒಳ್ಳೆಯ ಪಾಠ.

ಮೂರು ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಒಂದು, ಕಿಟ್ ನಿಜವಾಗಿ ಹಿಡಿದದ್ದು ಏನನ್ನು? ಎರಡು, ಪರೀಕ್ಷೆಗೆ ಬಂದ ಮಾದರಿ ಯಾವ ಸ್ಥಿತಿಯಲ್ಲಿತ್ತು? ಮೂರು, ಬಂದ ಸಂಖ್ಯೆಯ ಅರ್ಥವೇನು?

ಮೂಗುದಾರ ಪತ್ತೆಯಾದ ಬಗೆ

1997ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಮೆಕ್‌ಫೆರಾನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಜೀನನ್ನು ಕೆಲಸ ಮಾಡದಂತೆ ಮಾಡಿದರು. ಆ ಇಲಿಗಳು ಬೆಳೆದಾಗ ಅವುಗಳ ಒಂದೊಂದು ಸ್ನಾಯುವೂ ಸಾಮಾನ್ಯ ಇಲಿಯ ಸ್ನಾಯುವಿಗಿಂತ ಎರಡರಿಂದ ಮೂರು ಪಟ್ಟು ತೂಗಿತು. ಆ ಜೀನು ತಯಾರಿಸುತ್ತಿದ್ದ ಪ್ರೋಟೀನೇ ಮಯೋಸ್ಟ್ಯಾಟಿನ್. ಅದು ಇಲ್ಲವಾದಾಗ ಸ್ನಾಯುವಿಗೆ ತಡೆ ಇಲ್ಲವಾಯಿತು.

ಅದೇ ವರ್ಷ ಒಂದು ಹಳೆಯ ಒಗಟು ಬಿಡಿಸಿಕೊಂಡಿತು. ಯುರೋಪಿನ ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲಿ ತೊಡೆ ಮತ್ತು ಭುಜದ ಮಾಂಸ ಉಬ್ಬಿ ನಿಂತಿರುತ್ತದೆ. ಇದನ್ನು ಇಮ್ಮಡಿ ಸ್ನಾಯು ಎಂದು ಕರೆಯುತ್ತಿದ್ದರು, ಕಾರಣ ಗೊತ್ತಿರಲಿಲ್ಲ. ಪರೀಕ್ಷಿಸಿ ನೋಡಿದಾಗ ಆ ದನಗಳ ಮಯೋಸ್ಟ್ಯಾಟಿನ್ ಜೀನಿನಲ್ಲಿ ಡಿಎನ್‌ಎಯ 11 ಅಕ್ಷರಗಳು ಬಿಟ್ಟುಹೋಗಿದ್ದವು. ಇಟಲಿಯ ಪೀಡ್‌ಮಾಂಟೀಸ್ ದನದಲ್ಲಿ ಒಂದೇ ಅಕ್ಷರ ಬದಲಾಗಿ ಪ್ರೋಟೀನು ಕೆಲಸಕ್ಕೆ ಬಾರದಾಗಿತ್ತು. 2006ರಲ್ಲಿ ಟೆಕ್ಸೆಲ್ ಎಂಬ ಕುರಿಯ ತಳಿಯಲ್ಲಿ ಇನ್ನೊಂದು ಬಗೆಯ ಬದಲಾವಣೆ ಕಂಡಿತು. ಅಲ್ಲಿ ಪ್ರೋಟೀನು ಸರಿಯಾಗಿಯೇ ಇದೆ, ಆದರೆ ತಯಾರಾಗುವ ಪ್ರಮಾಣ ಕಡಿಮೆ. ಮನುಷ್ಯರಲ್ಲಿಯೂ ಇಂಥ ಪ್ರಕರಣವುಂಟು. ಜರ್ಮನಿಯ ಒಬ್ಬ ಬಾಲಕ ಹುಟ್ಟಿನಿಂದಲೇ ಅಸಾಧಾರಣ ಸ್ನಾಯುಗಳನ್ನು ಹೊಂದಿದ್ದುದಕ್ಕೆ ಇದೇ ಜೀನು ಕಾರಣವೆಂದು 2004ರಲ್ಲಿ ವೈದ್ಯರು ವರದಿ ಮಾಡಿದರು.

ಮಯೋಸ್ಟ್ಯಾಟಿನ್ ಕೆಲಸ ಮಾಡುವ ರೀತಿ ಹೀಗೆ. ಸ್ನಾಯುವಿನ ಕೋಶಗಳೇ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಅದು ಮತ್ತೆ ಸ್ನಾಯುವಿನ ಕೋಶಗಳ ಹೊರಮೈಯಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು, ‘ಸಾಕು, ಇನ್ನು ಬೆಳೆಯಬೇಡ’ ಎಂಬ ಸೂಚನೆಯನ್ನು ಒಳಗೆ ಕಳುಹಿಸುತ್ತದೆ. ಸ್ನಾಯು ಹೆಚ್ಚಿದಂತೆ ತಡೆಯೂ ಹೆಚ್ಚುತ್ತದೆ. ತನ್ನ ಮೂಗುದಾರವನ್ನು ತಾನೇ ಹೊಸೆದುಕೊಳ್ಳುವ ಎತ್ತು ಇದು ಎನ್ನಬಹುದು.

ಇನ್ನು ಹಂದಿಯ ವಿಚಾರ. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 90 ಲಕ್ಷ ಹಂದಿಗಳಿದ್ದವು. ಈಶಾನ್ಯ ರಾಜ್ಯಗಳಲ್ಲಿ ಹಂದಿ ಸಾಕಣೆ ಮನೆಮನೆಯ ಕಸುಬು. ನಮ್ಮ ಕೊಡಗಿನಲ್ಲಿ ಹಂದಿ ಮಾಂಸ ಹಬ್ಬದೂಟದ ಭಾಗ. ಸಾಕಣೆ ಮಾಡುವವನಿಗೆ ಬೇಕಾದುದು ತಿಂದ ಮೇವಿಗೆ ತಕ್ಕಷ್ಟು ಮಾಂಸ, ಕಡಿಮೆ ಕೊಬ್ಬು. ಆದುದರಿಂದ ಸ್ನಾಯುವಿನ ಬೆಳವಣಿಗೆಯನ್ನು ನಿಯಂತ್ರಿಸುವ ಪ್ರೋಟೀನನ್ನು ಹಂದಿಯಲ್ಲಿ ಅಳೆಯುವ ಆಸಕ್ತಿ ವಿಜ್ಞಾನಿಗಳಿಗೆ ಬಂದದ್ದು ಸಹಜ.

ಗಂಜಿ ಮತ್ತು ಅಯೋಡಿನ್

ಕಿಟ್ಟಿನ ಒಳಗೆ ಹೋಗುವ ಮೊದಲು ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಸಣ್ಣ ಕೆಲಸ ಮಾಡಿ. ಅನ್ನದ ತಿಳಿ ಗಂಜಿಗೆ ಅಯೋಡಿನ್ ದ್ರಾವಣದ ಹನಿ ಹಾಕಿದರೆ ಕಡುನೀಲಿ ಬಣ್ಣ ಬರುವುದನ್ನು ನೀವು ನೋಡಿದ್ದೀರಿ. ಈಗ ಐದು ಪ್ರನಾಳಗಳನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಗಂಜಿ ಹಾಗೆಯೇ ಇರಲಿ. ಎರಡನೆಯದರಲ್ಲಿ ಅದನ್ನು ಅರ್ಧಕ್ಕೆ ತೆಳು ಮಾಡಿ, ಮೂರನೆಯದರಲ್ಲಿ ಕಾಲು ಭಾಗಕ್ಕೆ, ನಾಲ್ಕನೆಯದರಲ್ಲಿ ಎಂಟನೇ ಒಂದು ಭಾಗಕ್ಕೆ. ಐದನೆಯದರಲ್ಲಿ ಬರೀ ನೀರು. ಎಲ್ಲಕ್ಕೂ ಒಂದೇ ಅಳತೆಯ ಅಯೋಡಿನ್ ಹಾಕಿ. ನೀಲಿಯ ಮೆಟ್ಟಿಲುಗಳು ನಿಮ್ಮ ಕಣ್ಣೆದುರು ನಿಲ್ಲುತ್ತವೆ.

ಈಗ ನಿಮ್ಮ ಗೆಳೆಯ ಎಷ್ಟು ಗಂಜಿ ಇದೆ ಎಂದು ಹೇಳದೆ ಒಂದು ಪ್ರನಾಳ ತಂದುಕೊಡಲಿ. ಅಯೋಡಿನ್ ಹಾಕಿ, ಅದರ ಬಣ್ಣ ಯಾವ ಮೆಟ್ಟಿಲಿಗೆ ಹೊಂದುತ್ತದೆ ಎಂದು ನೋಡಿ. ನೀವು ಆಗ ಗಂಜಿಯನ್ನು ಅಳೆದಿರಿ. ಗೊತ್ತಿರುವುದರೊಡನೆ ಹೋಲಿಸಿ ಗೊತ್ತಿಲ್ಲದುದನ್ನು ಕಂಡುಕೊಳ್ಳುವುದೇ ಈ ವಿಧಾನದ ಜೀವಾಳ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಗೆಳೆಯ ಅಕ್ಕಿಯ ಗಂಜಿಯ ಬದಲು ಆಲೂಗಡ್ಡೆಯ ರಸ ತಂದಿದ್ದರೂ ನೀಲಿ ಬರುತ್ತಿತ್ತು. ಅಯೋಡಿನ್ ಪಿಷ್ಟವನ್ನು ಗುರುತಿಸುತ್ತದೆ. ಅದು ಅಕ್ಕಿಯದೋ ಆಲೂಗಡ್ಡೆಯದೋ ಎಂದು ಹೇಳುವುದಿಲ್ಲ. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಪ್ರತಿಕಾಯವೆಂಬ ಕೈ

ರಕ್ತದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಹಿಡಿಯಬಲ್ಲ ಅಯೋಡಿನ್ ಯಾವುದು? ಅದನ್ನು ಪ್ರಕೃತಿಯೇ ಒದಗಿಸಿದೆ. ದೇಹಕ್ಕೆ ಹೊರಗಿನ ವಸ್ತು ಬಂದಾಗ ಅದರ ಆಕಾರಕ್ಕೆ ಸರಿಯಾಗಿ ಹೊಂದುವ ಪ್ರತಿಕಾಯಗಳನ್ನು ದೇಹ ತಯಾರಿಸುತ್ತದೆ. ಒಂದು ಪ್ರತಿಕಾಯ ತನಗೆ ಹೊಂದುವ ಆಕಾರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಇದನ್ನು ಅಳತೆಗೆ ಬಳಸಿದವರು ಅಮೆರಿಕದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. 1950ರ ದಶಕದ ಕೊನೆಯಲ್ಲಿ ಅವರು ರಕ್ತದಲ್ಲಿನ ಇನ್ಸುಲಿನ್ ಅನ್ನು ವಿಕಿರಣಶೀಲ ಅಯೋಡಿನ್ ಗುರುತಿನ ಸಹಾಯದಿಂದ ಅಳೆದು ತೋರಿಸಿದರು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ವಿಕಿರಣಶೀಲ ವಸ್ತುವನ್ನು ಎಲ್ಲ ಪ್ರಯೋಗಾಲಯಗಳಲ್ಲಿ ಇಟ್ಟುಕೊಳ್ಳಲಾಗದು. 1971ರಲ್ಲಿ ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪೆರ್ಲ್‌ಮನ್ ವಿಕಿರಣದ ಬದಲು ಬಣ್ಣ ಬರಿಸುವ ಕಿಣ್ವವನ್ನು ಪ್ರತಿಕಾಯಕ್ಕೆ ಜೋಡಿಸಿದರು. ಅದೇ ಕಾಲದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳೂ ಸ್ವತಂತ್ರವಾಗಿ ಇದೇ ದಾರಿ ಕಂಡುಕೊಂಡರು. ಈ ವಿಧಾನವೇ ಎಲೈಸಾ.

ಕರ್ನಾಟಕಕ್ಕೆ ಎಲೈಸಾ ಹೊಸದಲ್ಲ. ಬೆಂಗಳೂರಿನ ಯಲಹಂಕದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ನಿವೇದಿ ಎಂಬ ಸಂಸ್ಥೆಯಿದೆ. ಪಶುರೋಗಗಳ ಹರಡುವಿಕೆಯನ್ನು ಅಭ್ಯಾಸ ಮಾಡುವ ಈ ಸಂಸ್ಥೆ ದನಗಳ ಬ್ರುಸೆಲ್ಲೋಸಿಸ್ ಮತ್ತು ಐಬಿಆರ್ ರೋಗಗಳ ಪತ್ತೆಗೆ ಎಲೈಸಾ ಕಿಟ್‌ಗಳನ್ನು ತಾನೇ ರೂಪಿಸಿದೆ. ಅವು ರೋಗ ತಗುಲಿದ್ದರ ಗುರುತನ್ನು ಹುಡುಕುವ ಕಿಟ್‌ಗಳು. ಹಂದಿಯ ಮಯೋಸ್ಟ್ಯಾಟಿನ್ ಕಿಟ್ ಹಾಗಲ್ಲ. ಅದು ರೋಗಪತ್ತೆಗೆ ಅಲ್ಲ, ಸಂಶೋಧನೆಗೆ. ಇಂಥ ಕಿಟ್‌ಗಳ ಡಬ್ಬಿಯ ಮೇಲೆ ‘ಸಂಶೋಧನಾ ಬಳಕೆಗೆ ಮಾತ್ರ’ ಎಂದು ಮುದ್ರಿಸಿರುತ್ತಾರೆ. ಆ ಸಣ್ಣ ಅಕ್ಷರಗಳಿಗೆ ದೊಡ್ಡ ಅರ್ಥವಿದೆ.

ಡಬ್ಬಿಯೊಳಗೆ ಏನಿದೆ?

ಡಬ್ಬಿ ತೆರೆದರೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 8 ಸಾಲು, ಸಾಲಿಗೆ 12ರಂತೆ ಒಟ್ಟು 96 ಪುಟ್ಟ ಗುಳಿಗಳು. ಪ್ರತಿ ಗುಳಿಯ ತಳದಲ್ಲಿ ಮಯೋಸ್ಟ್ಯಾಟಿನ್ ಹಿಡಿಯುವ ಪ್ರತಿಕಾಯಗಳನ್ನು ಮೊದಲೇ ಅಂಟಿಸಿರುತ್ತಾರೆ. ಜೊತೆಗೆ ಪ್ರಮಾಣ ಗೊತ್ತಿರುವ ಮಯೋಸ್ಟ್ಯಾಟಿನ್ ಸೀಸೆ, ಕಿಣ್ವ ಜೋಡಿಸಿದ ಎರಡನೆಯ ಪ್ರತಿಕಾಯ, ತೊಳೆಯುವ ದ್ರಾವಣ, ಬಣ್ಣ ಬರುವ ದ್ರಾವಣ, ಕೊನೆಗೆ ಕ್ರಿಯೆಯನ್ನು ನಿಲ್ಲಿಸುವ ತೆಳು ಆಮ್ಲ.

ಕೆಲಸದ ಕ್ರಮ ಹೀಗೆ. ಹಂದಿಯ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಮೇಲೆ ತಿಳಿಯಾಗಿ ನಿಲ್ಲುವ ಸೀರಮ್ಮನ್ನು ಬೇರ್ಪಡಿಸುತ್ತಾರೆ. ಅದನ್ನು ಗುಳಿಗೆ ಹಾಕುತ್ತಾರೆ. ಸಾಮಾನ್ಯವಾಗಿ 100 ಮೈಕ್ರೋಲೀಟರ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಒಂದೆರಡು ಸಣ್ಣ ಹನಿಗಳಷ್ಟು. ತಳದ ಪ್ರತಿಕಾಯ ಮಯೋಸ್ಟ್ಯಾಟಿನ್ ಅನ್ನು ಹಿಡಿದುಕೊಳ್ಳುತ್ತದೆ. ಉಳಿದದ್ದನ್ನು ತೊಳೆದುಬಿಡುತ್ತಾರೆ. ಆಮೇಲೆ ಕಿಣ್ವ ಹೊತ್ತ ಎರಡನೆಯ ಪ್ರತಿಕಾಯ ಬಂದು, ಹಿಡಿದಿಟ್ಟ ಮಯೋಸ್ಟ್ಯಾಟಿನ್ನಿನ ಮೇಲೆ ಕೂರುತ್ತದೆ. ಮತ್ತೆ ತೊಳೆಯುತ್ತಾರೆ. ಈಗ ಬಣ್ಣದ ದ್ರಾವಣ ಹಾಕಿದರೆ ಕಿಣ್ವ ಇರುವೆಡೆ ನೀಲಿ ಬಣ್ಣ. ಆಮ್ಲ ಹಾಕಿದಾಗ ನೀಲಿ ಹಳದಿಯಾಗುತ್ತದೆ. ಆ ಹಳದಿ ಎಷ್ಟು ಗಾಢವೆಂದು 450 ನ್ಯಾನೋಮೀಟರ್ ಬೆಳಕಿನಲ್ಲಿ ಯಂತ್ರ ಓದುತ್ತದೆ. ಈ ಕೆಲಸದ ಕಿಣ್ವವನ್ನು ಹೆಚ್ಚಾಗಿ ಸಾಸಿವೆಯ ಕುಟುಂಬಕ್ಕೆ ಸೇರಿದ ಹಾರ್ಸ್‌ರ್ಯಾಡಿಶ್ ಎಂಬ ಗಿಡದ ಬೇರಿನಿಂದ ಪಡೆಯುತ್ತಾರೆ.

ಎಲ್ಲ ಕಿಟ್‌ಗಳೂ ಹೀಗೆಯೇ ಇರುವುದಿಲ್ಲ. ಸ್ಪರ್ಧೆಯ ತತ್ವದ ಕಿಟ್‌ಗಳೂ ಇವೆ. ಅವುಗಳಲ್ಲಿ ಪ್ರೋಟೀನು ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಜೊತೆಗೆ ಬಂದ ಸೂಚನಾ ಪತ್ರಿಕೆ ಓದದೆ ತಟ್ಟೆಯ ಬಣ್ಣ ನೋಡಿ ತೀರ್ಮಾನಿಸುವವನು ಹಗಲನ್ನು ರಾತ್ರಿ ಎಂದಾನು.

ಈಗ ಒಂದು ಲೆಕ್ಕ. ಗೊತ್ತಿರುವ ಪ್ರಮಾಣದ ಮೆಟ್ಟಿಲುಗಳು 7, ಬರಿ ದ್ರಾವಣದ್ದು 1, ಒಟ್ಟು 8. ಪ್ರತಿಯೊಂದನ್ನೂ ಎರಡೆರಡು ಗುಳಿಗಳಲ್ಲಿ ಇಟ್ಟರೆ 16 ಗುಳಿಗಳು ಹೋದವು. ಉಳಿದ 80ರಲ್ಲಿ ಎರಡೆರಡರಂತೆ 40 ಹಂದಿಗಳ ಸೀರಮ್ ಮಾತ್ರ ಹಿಡಿಸುತ್ತದೆ. ಎರಡೆರಡು ಏಕೆ? ಒಂದೇ ಸೀರಮ್ಮಿನ ಎರಡು ಗುಳಿಗಳು ಎರಡು ಬೇರೆ ಉತ್ತರ ಕೊಟ್ಟರೆ ಕೈ ತಪ್ಪಿದೆ ಎಂದು ಗೊತ್ತಾಗುವುದಕ್ಕೆ. ಒಂದೇ ಗುಳಿಯಿದ್ದರೆ ತಪ್ಪೂ ಸರಿಯಂತೆಯೇ ಕಾಣುತ್ತದೆ.

ಇನ್ನು ಬಣ್ಣದಿಂದ ಸಂಖ್ಯೆಗೆ ಬರೋಣ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ಮಿಲಿಲೀಟರಿಗೆ 4 ನ್ಯಾನೋಗ್ರಾಂ ಇರುವ ಗುಳಿ 0.45 ಎಂದು ಓದಿತು. 8 ನ್ಯಾನೋಗ್ರಾಂ ಇರುವುದು 0.85 ಎಂದು ಓದಿತು. ನಿಮ್ಮ ಹಂದಿಯ ಸೀರಮ್ 0.65 ತೋರಿಸಿತು. ಅದು ಸರಿಯಾಗಿ ನಡುವೆ ಇದೆ. ಆದ್ದರಿಂದ ಸುಮಾರು 6 ನ್ಯಾನೋಗ್ರಾಂ. ಆದರೆ ನೀವು ಸೀರಮ್ಮನ್ನು ಮೊದಲು ಹತ್ತು ಪಟ್ಟು ತೆಳು ಮಾಡಿದ್ದಿರಿ. ಹಾಗಾದರೆ ನಿಜವಾದ ಉತ್ತರ 60. ಹತ್ತರಿಂದ ಗುಣಿಸಲು ಮರೆತರೆ ಯಂತ್ರದ ತಪ್ಪಿಲ್ಲ, ಕಿಟ್ಟಿನ ತಪ್ಪಿಲ್ಲ. ಆದರೂ ವರದಿ ಹತ್ತು ಪಟ್ಟು ಸುಳ್ಳು.

ಮೊದಲ ಪ್ರಶ್ನೆ: ಹಿಡಿದದ್ದು ಏನನ್ನು?

ಈಗ ಆಲೂಗಡ್ಡೆಯನ್ನು ನೆನಪಿಸಿಕೊಳ್ಳಿ. ಕೆಲಸಕ್ಕೆ ಸಿದ್ಧವಾದ ಮಯೋಸ್ಟ್ಯಾಟಿನ್ 109 ಅಮೈನೋ ಆಮ್ಲಗಳ ಒಂದು ಸರಪಳಿ. ಅಂಥ ಎರಡು ಸರಪಳಿಗಳು ಜೋಡಿಯಾಗಿರುತ್ತವೆ. ಮನುಷ್ಯ, ಇಲಿ, ಹಂದಿ, ಕೋಳಿ, ಇವೆಲ್ಲವುಗಳಲ್ಲಿ ಈ ಸರಪಳಿ ಅಕ್ಷರ ಬಿಡದೆ ಒಂದೇ. ಇದರಿಂದ ಎರಡು ಪರಿಣಾಮಗಳು. ಮೊದಲನೆಯದು, ‘ಹಂದಿಯ ಕಿಟ್’ ಎಂದು ಡಬ್ಬಿಯ ಮೇಲೆ ಬರೆದ ಮಾತ್ರಕ್ಕೆ ಅದು ಹಂದಿಯ ಪ್ರೋಟೀನನ್ನು ಮಾತ್ರ ಗುರುತಿಸುತ್ತದೆ ಎಂದಲ್ಲ. ಎರಡನೆಯದು, ಒಳ್ಳೆಯ ಪ್ರತಿಕಾಯ ತಯಾರಿಸುವುದೇ ಕಷ್ಟ. ಪ್ರತಿಕಾಯ ಬೇಕಾದರೆ ಇಲಿಗೋ ಮೊಲಕ್ಕೋ ಆ ಪ್ರೋಟೀನನ್ನು ಚುಚ್ಚಬೇಕು. ತನ್ನಲ್ಲಿಯೂ ಅದೇ ಇದೆ ಎಂದು ಕಂಡರೆ ಆ ಪ್ರಾಣಿಯ ದೇಹ ಅದನ್ನು ಹೊರಗಿನದೆಂದು ಎಣಿಸುವುದಿಲ್ಲ. ಪ್ರತಿಕಾಯ ತಯಾರಿಸಲು ಹಿಂಜರಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮಯೋಸ್ಟ್ಯಾಟಿನ್‌ಗೆ ಒಬ್ಬ ಅವಳಿಯಂಥ ಸೋದರನಿದ್ದಾನೆ. ಆ ಪ್ರೋಟೀನಿನ ಹೆಸರು ಜಿಡಿಎಫ್-11. ಇವೆರಡರ 109 ಅಮೈನೋ ಆಮ್ಲಗಳಲ್ಲಿ ಸುಮಾರು 98 ಒಂದೇ. 11 ಮಾತ್ರ ಬೇರೆ. ಎರಡೂ ರಕ್ತದಲ್ಲಿ ಸಂಚರಿಸುತ್ತವೆ.

ಈ ಹೋಲಿಕೆ ಏನು ಮಾಡಬಲ್ಲದು ಎಂಬುದಕ್ಕೆ ವಿಜ್ಞಾನದ ಇತ್ತೀಚಿನ ಇತಿಹಾಸವೇ ಸಾಕ್ಷಿ. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ತಂಡ, ಇಲಿಗಳಿಗೆ ವಯಸ್ಸಾದಂತೆ ರಕ್ತದಲ್ಲಿ ಜಿಡಿಎಫ್-11 ಕಡಿಮೆಯಾಗುತ್ತದೆ, ಅದನ್ನು ಮರಳಿ ಕೊಟ್ಟರೆ ದಪ್ಪಗಾದ ಮುದಿ ಹೃದಯ ಸುಧಾರಿಸುತ್ತದೆ ಎಂದು ಪ್ರಕಟಿಸಿತು. ಯೌವನ ಮರಳಿಸುವ ಪ್ರೋಟೀನು ಸಿಕ್ಕಿತೆಂದು ಪತ್ರಿಕೆಗಳು ಬರೆದವು. 2015ರಲ್ಲಿ ನೊವಾರ್ಟಿಸ್ ಕಂಪನಿಯ ವಿಜ್ಞಾನಿಗಳು ಆ ಅಳತೆಯ ಸಾಧನಗಳನ್ನೇ ಪರೀಕ್ಷಿಸಿದರು. ಜಿಡಿಎಫ್-11 ಎಂದು ಹಿಡಿಯಲು ಬಳಸಿದ್ದ ಪ್ರತಿಕಾಯ ಮಯೋಸ್ಟ್ಯಾಟಿನ್ ಅನ್ನೂ ಹಿಡಿಯುತ್ತಿತ್ತು! ಯಾವುದು ಕಡಿಮೆಯಾಗುತ್ತಿದೆ ಎಂಬ ಮೂಲ ಅಳತೆಯೇ ಪ್ರಶ್ನೆಗೆ ಒಳಗಾಯಿತು. ವಾದ ಅಲ್ಲಿಗೆ ಮುಗಿಯಲಿಲ್ಲ, ಬಹುಕಾಲ ನಡೆಯಿತು. ನಮಗೆ ಬೇಕಾದ ಪಾಠ ಇಷ್ಟೇ: ನುರಿತ ಪ್ರಯೋಗಾಲಯಗಳಿಗೂ ಅಕ್ಕಿ–ಆಲೂಗಡ್ಡೆಯ ಗೊಂದಲ ತಪ್ಪಿದ್ದಲ್ಲ. ಆದುದರಿಂದ ಕಿಟ್ ತಯಾರಿಸಿದವರು ಜಿಡಿಎಫ್-11ರೊಡನೆ ಅದನ್ನು ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಕೇಳುವುದು ಮೊದಲ ಕರ್ತವ್ಯ.

ಎರಡನೆಯ ಪ್ರಶ್ನೆ: ಮಾದರಿ ಹೇಗಿತ್ತು?

ಬೆಳಗಾವಿ ಜಿಲ್ಲೆಯ ಗೋಕಾಕ–ಮೂಡಲಗಿ ಭಾಗದ ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳ ತಜ್ಞರು ರೈತರಿಗೆ ಮಣ್ಣು ಪರೀಕ್ಷೆಯ ಬಗ್ಗೆ ಮೊದಲು ಹೇಳುವ ಮಾತು ಯಂತ್ರದ್ದಲ್ಲ, ಮಣ್ಣು ತೆಗೆಯುವ ರೀತಿಯದು. ಬದುವಿನ ಮೇಲಿನ ಮಣ್ಣು ತರಬೇಡಿ, ತಿಪ್ಪೆಯ ಪಕ್ಕದ್ದು ತರಬೇಡಿ, ಹೊಲದ ಹಲವು ಕಡೆಯಿಂದ ತೆಗೆದು ಬೆರೆಸಿ ತನ್ನಿ ಎನ್ನುತ್ತಾರೆ. ತಪ್ಪು ಮಣ್ಣನ್ನು ಎಷ್ಟು ಸರಿಯಾಗಿ ಪರೀಕ್ಷಿಸಿದರೂ ಹೊಲದ ಸತ್ಯ ಹೊರಬರುವುದಿಲ್ಲ.

ರಕ್ತಕ್ಕೂ ಇದೇ ಮಾತು. ತುಕ್ಕಾನಟ್ಟಿಯಂಥ ಊರಿನಿಂದ ಯಲಹಂಕದಂಥ ಕಡೆಗೆ ಸೀರಮ್ ಹೋಗಬೇಕೆಂದರೆ ಸುಮಾರು 500 ಕಿಲೋಮೀಟರ್ ಪ್ರಯಾಣ. ದಾರಿಯಲ್ಲಿ ಮಂಜುಗಡ್ಡೆ ಕರಗಿದರೆ, ಹೆಪ್ಪುಗಟ್ಟಿಸಿದ ಸೀರಮ್ ಕರಗಿ ಮತ್ತೆ ಹೆಪ್ಪುಗಟ್ಟಿದರೆ, ಪ್ರೋಟೀನು ಕೆಡಬಹುದು. ಸೂಜಿ ಚುಚ್ಚುವಾಗ ಕೆಂಪು ರಕ್ತಕಣಗಳು ಒಡೆದರೆ ಸೀರಮ್ ಕೆಂಪಾಗಿ ಬಣ್ಣದ ಓದಿಗೆ ಅಡ್ಡಿ ಮಾಡಬಹುದು.

ಮಯೋಸ್ಟ್ಯಾಟಿನ್‌ಗೆ ಸಂಬಂಧಿಸಿ ವಿಶೇಷವಾದ ಒಂದು ಅಂಶವೂ ಇದೆ. ರಕ್ತದಲ್ಲಿ ಇದು ಹೆಚ್ಚಾಗಿ ಬಿಡಿಯಾಗಿರುವುದಿಲ್ಲ. ಬೇರೆ ಪ್ರೋಟೀನುಗಳು ಇದನ್ನು ಅಪ್ಪಿ ಹಿಡಿದಿರುತ್ತವೆ. ಆ ಸ್ಥಿತಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಕೆಲವು ಕಿಟ್‌ಗಳಲ್ಲಿ ಸೀರಮ್ಮಿಗೆ ಮೊದಲು ಆಮ್ಲ ಬೆರೆಸಿ ಈ ಅಪ್ಪುಗೆಯನ್ನು ಬಿಡಿಸುತ್ತಾರೆ, ಆಮೇಲೆ ಆಮ್ಲವನ್ನು ಶಮನಗೊಳಿಸಿ ಅಳೆಯುತ್ತಾರೆ. ಆಗ ಸಿಗುವುದು ಒಟ್ಟು ಪ್ರಮಾಣ. ಆಮ್ಲದ ಹಂತವಿಲ್ಲದ ಕಿಟ್ ಬೇರೆಯೇ ಸಂಖ್ಯೆ ಕೊಡುತ್ತದೆ. ಒಂದೇ ಹಂದಿಯ ಒಂದೇ ರಕ್ತಕ್ಕೆ ಎರಡು ಕಿಟ್‌ಗಳು ಎರಡು ಸಂಖ್ಯೆ ಕೊಟ್ಟರೆ ಎರಡೂ ತಮ್ಮ ಮಟ್ಟಿಗೆ ಸರಿಯಿರಬಹುದು. ಅವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು ಸೇರಿನ ಅಳತೆಯನ್ನು ಕಿಲೋಗ್ರಾಮಿನೊಡನೆ ಹೋಲಿಸಿದಂತೆ.

ಮೂರನೆಯ ಪ್ರಶ್ನೆ: ಅರ್ಥವೇನು?

ಕಿಟ್ ಸರಿಯಾದುದನ್ನೇ ಹಿಡಿಯಿತು, ಮಾದರಿಯೂ ಚೆನ್ನಾಗಿತ್ತು ಎಂದುಕೊಳ್ಳೋಣ. ಒಂದು ಹಂದಿಯಲ್ಲಿ ಮಯೋಸ್ಟ್ಯಾಟಿನ್ ಕಡಿಮೆ ಎಂದು ವರದಿ ಬಂತು. ‘ತಡೆ ಕಡಿಮೆ, ಹಾಗಾದರೆ ಮಾಂಸ ಹೆಚ್ಚು, ಇದನ್ನೇ ತಳಿಗೆ ಉಳಿಸಿಕೊಳ್ಳೋಣ’ ಎನ್ನಬಹುದೇ?

ಅವಸರ ಬೇಡ. ಸ್ನಾಯು ಕ್ಷಯಿಸುತ್ತಾ ಹೋಗುವ ಕಾಯಿಲೆಗಳಿರುವ ರೋಗಿಗಳ ರಕ್ತದಲ್ಲಿಯೂ ಮಯೋಸ್ಟ್ಯಾಟಿನ್ ಕಡಿಮೆ ಇರುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಕಾರಣ ಸರಳ. ಅದನ್ನು ತಯಾರಿಸುವುದೇ ಸ್ನಾಯು. ಸ್ನಾಯುವೇ ಕರಗಿಹೋದರೆ ತಯಾರಿಸುವವರಾರು? ಮೂಗುದಾರ ಸಡಿಲವಾಗಿ ಬಿದ್ದಿದೆ ಎಂದರೆ ಎತ್ತು ಸ್ವತಂತ್ರವಾಗಿ ಮೇಯುತ್ತಿದೆ ಎಂದೂ ಆಗಬಹುದು, ಕೊಟ್ಟಿಗೆಯಲ್ಲಿ ಎತ್ತೇ ಇಲ್ಲ ಎಂದೂ ಆಗಬಹುದು. ಹಗ್ಗವನ್ನು ಮಾತ್ರ ನೋಡಿದವನಿಗೆ ಎರಡೂ ಒಂದೇ. ಕೊಟ್ಟಿಗೆಯೊಳಗೆ ಹೋಗಿ ನೋಡಬೇಕು. ಅಂದರೆ ಹಂದಿಯನ್ನು ತೂಗಬೇಕು, ಅದರ ವಯಸ್ಸು, ಮೇವು, ಆರೋಗ್ಯ ತಿಳಿಯಬೇಕು.

ಇನ್ನೂ ಒಂದು ಮಾತು. ಪ್ರತಿಕಾಯ ಗುರುತಿಸುವುದು ಪ್ರೋಟೀನಿನ ಆಕಾರವನ್ನು, ಅದರ ಕೆಲಸವನ್ನಲ್ಲ. ಕೆಲಸಕ್ಕೆ ಬಾರದ ಪ್ರೋಟೀನಿನಲ್ಲಿಯೂ ತನಗೆ ಬೇಕಾದ ಆಕಾರ ಉಳಿದಿದ್ದರೆ ಅದು ಹಿಡಿಯುತ್ತದೆ. ಟೆಕ್ಸೆಲ್ ಕುರಿಯಂತೆ ಪ್ರಮಾಣವೇ ಬದಲಾದ ಕಡೆ ಇಂಥ ಕಿಟ್ ಉಪಯುಕ್ತ. ಜೀನಿನ ಅಕ್ಷರ ಬದಲಾಗಿ ಪ್ರೋಟೀನು ನಿಷ್ಪ್ರಯೋಜಕವಾದ ಕಡೆ ಡಿಎನ್‌ಎ ಪರೀಕ್ಷೆಯೇ ನಂಬಿಕೆಗೆ ಅರ್ಹ.

ಮೂಗುದಾರ ಕಿತ್ತರೆ

ಸಂಖ್ಯೆಯ ಹಿಂದೆ ಓಡಿದರೆ ಏನಾಗುತ್ತದೆ ಎಂಬುದನ್ನೂ ನೋಡೋಣ. ಬೆಲ್ಜಿಯನ್ ಬ್ಲೂ ಹಸುಗಳಿಗೆ ಸಹಜ ಹೆರಿಗೆ ಕಷ್ಟ. ಕರು ದೊಡ್ಡದು, ಹಾದಿ ಕಿರಿದು. ಬಹುತೇಕ ಕರುಗಳು ಶಸ್ತ್ರಚಿಕಿತ್ಸೆಯಿಂದ ಹೊರಬರುತ್ತವೆ. ಬೆಲ್ಜಿಯಂನದೇ ಪಿಯೆಟ್ರೇನ್ ಹಂದಿ ಹೆಚ್ಚು ಮಾಂಸಕ್ಕೆ ಹೆಸರಾದುದು. ಅದರಲ್ಲಿ ಮಯೋಸ್ಟ್ಯಾಟಿನ್ ಅಲ್ಲದ ಇನ್ನೊಂದು ಜೀನಿನ ದೋಷವಿತ್ತು. ಅಂಥ ಹಂದಿಗಳು ಸಾಗಾಣಿಕೆಯ ಒತ್ತಡಕ್ಕೇ ಸಾಯುತ್ತಿದ್ದವು. ಅವುಗಳ ಮಾಂಸ ಬಿಳಿಚಿಕೊಂಡು ನೀರೊಡೆಯುತ್ತಿತ್ತು. 1991ರಲ್ಲಿ ಆ ಜೀನಿನ ದೋಷ ಪತ್ತೆಯಾದ ಮೇಲೆ ಡಿಎನ್‌ಎ ಪರೀಕ್ಷೆಯಿಂದ ಅದನ್ನು ಗುರುತಿಸಿ ತಳಿಯಿಂದ ತೆಗೆಯುವುದು ಸಾಧ್ಯವಾಯಿತು.

2015ರಲ್ಲಿ ದಕ್ಷಿಣ ಕೊರಿಯಾದ ಜಿನ್-ಸೂ ಕಿಮ್ ಮತ್ತು ಚೀನಾದ ಯಾನ್‌ಬಿಯನ್ ವಿಶ್ವವಿದ್ಯಾಲಯದ ಶಿ-ಜುನ್ ಯಿನ್ ಅವರ ತಂಡಗಳು ಹಂದಿಯ ಮಯೋಸ್ಟ್ಯಾಟಿನ್ ಜೀನನ್ನೇ ತಿದ್ದಿ ಇಮ್ಮಡಿ ಸ್ನಾಯುವಿನ ಮರಿಗಳನ್ನು ಪಡೆದವು. ತದ್ರೂಪಿ ವಿಧಾನದಿಂದ ಹುಟ್ಟಿದ 32 ಮರಿಗಳಲ್ಲಿ ಎಂಟು ತಿಂಗಳು ಬದುಕಿದ್ದು 13. ಆ ವರ್ಷ ವರದಿ ಪ್ರಕಟವಾಗುವ ವೇಳೆಗೆ ಉಳಿದಿದ್ದು ಎರಡು, ಆರೋಗ್ಯವಾಗಿದ್ದುದು ಒಂದು. ತದ್ರೂಪಿ ವಿಧಾನದಲ್ಲಿಯೇ ಮರಿಗಳು ಸಾಯುವುದು ಹೆಚ್ಚು ಎಂಬುದೂ ನಿಜ. ಆದರೂ ಆ 32, 13, 2, 1 ಎಂಬ ಇಳಿಯುವ ಸಂಖ್ಯೆಗಳು ಯಾವ ಕಿಟ್ಟಿನ ತಟ್ಟೆಯಲ್ಲಿಯೂ ಕಾಣುತ್ತಿರಲಿಲ್ಲ. ಅವನ್ನು ಕೊಟ್ಟಿಗೆಯಲ್ಲಿ ಎಣಿಸಬೇಕಾಯಿತು.

ಈ ವಿಷಯ ನಮ್ಮ ದೇಶಕ್ಕೂ ಬಂದಿದೆ. 2025ರಲ್ಲಿ ಕಾಶ್ಮೀರದ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಯೋಸ್ಟ್ಯಾಟಿನ್ ಜೀನನ್ನು ತಿದ್ದಿದ ಕುರಿಮರಿಯನ್ನು ಪ್ರಕಟಪಡಿಸಿದರು. ಜೀನ್ ತಿದ್ದಿದ ಭಾರತದ ಮೊದಲ ಕುರಿ ಅದು. ಸ್ನಾಯು ಸುಮಾರು ಶೇಕಡಾ 30ರಷ್ಟು ಹೆಚ್ಚಬಲ್ಲದು ಎಂದು ತಂಡ ಹೇಳಿತು. ನಾಳೆ ಇದು ಗೋಕಾಕ, ಮೂಡಲಗಿ, ಹುಕ್ಕೇರಿಯ ಕುರಿಗಾರರ ಮುಂದೆ ಪ್ರಶ್ನೆಯಾಗಿ ಬರಬಹುದು. ಅಲ್ಲಿನ ದಖ್ಖನಿ ಕುರಿ ಹಿಂಡಿನೊಡನೆ ದಿನಗಟ್ಟಲೆ ನಡೆಯುತ್ತದೆ, ಒಣ ಹುಲ್ಲು ತಿಂದು ಬದುಕುತ್ತದೆ, ಹೊಲದ ಬದುವಿನಲ್ಲಿ ತಾನೇ ಮರಿ ಹಾಕಿ ಮರುದಿನ ಮುಂದಕ್ಕೆ ಹೊರಡುತ್ತದೆ. ಹೆಚ್ಚು ಮಾಂಸ ಬೇಕು ನಿಜ. ಆದರೆ ಆ ಕುರಿ ನಡೆಯಬಲ್ಲದೇ? ತಾನಾಗಿ ಈಯಬಲ್ಲದೇ? ಬೇಸಿಗೆಯ ಬಿಸಿಲು ತಡೆಯಬಲ್ಲದೇ? ಈ ಪ್ರಶ್ನೆಗಳನ್ನು ಕುರಿ ಕಾಯುವ ಹಿರಿಯರು ಕೇಳಿದರೆ ಅದು ವಿಜ್ಞಾನದ ವಿರೋಧವಲ್ಲ, ಅದೇ ವಿಜ್ಞಾನ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೋಗುವಿರಿ, ಕೆಲವರು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವಿರಿ. ಉಳಿದವರು ಮನೆಯವರ ವರದಿಯನ್ನು ಕೈಯಲ್ಲಿ ಹಿಡಿದು ಓದುವಿರಿ. ತಟ್ಟೆಯ ಮೇಲೆ ಮೂಡುವ ಬಣ್ಣ ಪ್ರಾಮಾಣಿಕವಾದುದು. ಅದು ತಾನು ಕಂಡದ್ದನ್ನು ಹೇಳುತ್ತದೆ. ಅದು ಏನನ್ನು ಕಂಡಿತು, ಹೇಗೆ ಕಂಡಿತು, ಅದರಿಂದ ಎಷ್ಟು ದೂರ ತೀರ್ಮಾನಿಸಬಹುದು ಎಂದು ವಿಚಾರಿಸುವ ಹೊಣೆ ಮಾತ್ರ ಮನುಷ್ಯನದು. ಯಾವ ಕಂಪನಿಯೂ ಅದನ್ನು ಡಬ್ಬಿಯಲ್ಲಿ ಹಾಕಿ ಮಾರುವುದಿಲ್ಲ. ಆ ಮೂರು ಪ್ರಶ್ನೆಗಳನ್ನು ನಿಮ್ಮ ವಿಜ್ಞಾನದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಾಳೆಯೇ ಗಂಜಿ ಮತ್ತು ಅಯೋಡಿನ್ ಪ್ರಯೋಗ ಮಾಡಿ ನೋಡಿ.